ಸಮಾಲೋಚಕರ ಕುರ್ಚಿಯಲ್ಲಿ ಆ್ಯಪ್ ಕೂರಿಸಬೇಡಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಸೂಚನೆ ಬಂತು. ಎಲ್ಲ ವಿದ್ಯಾರ್ಥಿಗಳೂ ಮಾನಸಿಕ ಆರೋಗ್ಯದ ಆ್ಯಪ್ ಹಾಕಿಕೊಂಡು, ರಿಜಿಸ್ಟರ್ ನಂಬರ್ ತುಂಬಿ, ಮನಸ್ಸು ಹೇಗಿದೆ ಎಂದು ಐದು ಎಮೋಜಿಗಳಲ್ಲಿ ಒಂದನ್ನು ಒತ್ತಿ, ಸಂಜೆಯೊಳಗೆ ಮೆಂಟರ್‌ಗೆ ಸ್ಕ್ರೀನ್‌ಶಾಟ್ ಕಳಿಸಬೇಕು. ಮೆಂಟರ್ ಆದ ನನಗೆ 58 ಬಂದವು. ಅಷ್ಟರಲ್ಲೂ ನಗುವ ಮುಖವೇ.

ಆ 58ರಲ್ಲಿ ಒಬ್ಬಳು ಎರಡು ವಾರದಿಂದ ಊಟದ ಡಬ್ಬಿಯನ್ನು ತೆರೆಯದೆ ವಾಪಸ್ ಒಯ್ಯುತ್ತಿದ್ದಳು. ಕರೆದು ಕೇಳಿದೆ. "ಫೋನು ಅಣ್ಣಂದು ಮೇಡಂ. ಅಳೋ ಮುಖ ಒತ್ತಿದ್ರೆ ಮನೇಲಿ ಗೊತ್ತಾಗತ್ತೆ" ಅಂದಳು. ಇಬ್ಬರೂ ಕೂತು ಆ್ಯಪ್ ತೆರೆದೆವು. "ತುಂಬಾ ಬೇಜಾರು" ಎಂದು ಟೈಪ್ ಮಾಡಿದಳು. ನಾಲ್ಕು ಎಣಿಸುತ್ತ ಉಸಿರು ಎಳೆದುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು.

ಸಿನಿಮಾ ಎಳೆದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಬದುಕೇ ಸಾಕೆನಿಸಿದರೂ ನಮ್ಮ ಮಕ್ಕಳ ಬಾಯಿಗೆ ಮೊದಲು ಬರುವುದು ಅದೇ ಮಾತು. ಯಾವ ಬೇಜಾರು ಎಂದು ತಿಳಿಯಬೇಕಾದರೆ ದನಿ ಕೇಳಬೇಕು, ಮುಖ ನೋಡಬೇಕು. ಖಿನ್ನತೆ ಎಂಬ ಪದವನ್ನು ನಾನು ವಿದ್ಯಾರ್ಥಿಗಳಿಂದ ಕೇಳಿದ್ದು ಅಪರೂಪ. ಊಟ ಸೇರುತ್ತಿಲ್ಲ, ಎದೆ ಭಾರ, ಓದಿದ್ದು ತಲೆಗೆ ಹತ್ತುತ್ತಿಲ್ಲ ಅನ್ನುತ್ತಾರೆ. ಐದು ಎಮೋಜಿಗಳಲ್ಲಿ ಇದಕ್ಕೆಲ್ಲಿ ಜಾಗ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಒಬ್ಬ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಲೇಬೇಕು ಎಂದಿತು. ಕೋರ್ಟ್ ಕೇಳಿದ್ದು ಒಬ್ಬ ಮನುಷ್ಯರನ್ನು. ಆ್ಯಪ್ ಹಾಕಿಸಿ, ಸ್ಕ್ರೀನ್‌ಶಾಟ್‌ಗಳನ್ನು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಫೈಲಿಗೆ ಸೇರಿಸಿ ಜವಾಬ್ದಾರಿ ಮುಗಿಯಿತು ಅನ್ನುವುದು ಮಕ್ಕಳಿಗೆ ಮಾಡುವ ಮೋಸ. ಈ ಮಾತನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಆ್ಯಪ್ ಪರ ಇರುವವರ ಒಂದು ವಾದ ನಿಜಕ್ಕೂ ತೂಕದ್ದು. ಎದುರಿಗೆ ಕೂತು ಹೇಳಲು ನಾಚುವ ಹುಡುಗ ರಾತ್ರಿ ಎರಡು ಗಂಟೆಗೆ ಫೋನಿಗೆ ಹೇಳಿಕೊಂಡಾನು. ಒಪ್ಪುತ್ತೇನೆ. ಆದರೆ ರಿಜಿಸ್ಟರ್ ನಂಬರ್ ಕೇಳಿದ ಕ್ಷಣವೇ ಆ ಧೈರ್ಯ ಸತ್ತುಹೋಗುತ್ತದೆ. ಹೇಳಿಕೊಂಡದ್ದು ಎಲ್ಲಿಗೆ ಹೋಗುತ್ತದೆ ಎಂಬ ಭಯವೂ ಸುಳ್ಳಲ್ಲ. ಆನ್‌ಲೈನ್ ಆಪ್ತಸಲಹೆಯ ದೊಡ್ಡ ಕಂಪನಿ ಬೆಟರ್‌ಹೆಲ್ಪ್, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗಳಿಗೆ ಕೊಟ್ಟಿತೆಂಬ ಆರೋಪದಲ್ಲಿ 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಮುಂದೆ 78 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು.

ಸಂಶೋಧನೆಗಳು ಇವೆಯಲ್ಲ ಅನ್ನುತ್ತಾರೆ. ಇವೆ. 2017ರಲ್ಲಿ ವೋಬಾಟ್ ಎಂಬ ಚಾಟ್‌ಬಾಟನ್ನು ಪರೀಕ್ಷಿಸಿದ್ದು ಕಾಲೇಜು ವಯಸ್ಸಿನವರ ಮೇಲೆಯೇ. ಖಿನ್ನತೆಯ ಲಕ್ಷಣ ಕಡಿಮೆಯಾದದ್ದು ಕಂಡಿತು. ಆದರೆ ಭಾಗವಹಿಸಿದವರು 70 ಮಂದಿ, ಅವಧಿ ಎರಡು ವಾರ. ಆ ಆ್ಯಪ್ 2025ರ ಜೂನ್ 30ರಂದು ನಿಂತೇ ಹೋಯಿತು. ಇಂಥ 93 ಆ್ಯಪ್‌ಗಳ ಬಳಕೆಯನ್ನು ಅಳೆದ 2019ರ ಅಧ್ಯಯನದಲ್ಲಿ, ಹದಿನೈದು ದಿನ ಕಳೆದ ಮೇಲೂ ಉಳಿದವರು ಸಾಮಾನ್ಯವಾಗಿ ನೂರಕ್ಕೆ ನಾಲ್ಕು ಜನರಷ್ಟೆ. ನಮ್ಮ ತರಗತಿಯಲ್ಲಿ ಸ್ಕ್ರೀನ್‌ಶಾಟ್ ಕಳಿಸಿದ ರಾತ್ರಿಯೇ ಬಹುಪಾಲು ಮಕ್ಕಳು ಆ್ಯಪ್ ತೆಗೆದುಹಾಕಿದ್ದರು, ಫೋನಿನಲ್ಲಿ ಜಾಗವಿಲ್ಲವೆಂದು.

ನಮ್ಮ ಹತ್ತಿರವೇ ಇರುವ ಒಳ್ಳೆಯ ಮಾದರಿ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬು. ಅದಕ್ಕೂ ಆ್ಯಪ್ ಇದೆ, ಆದರೆ 14416ಕ್ಕೆ ಕರೆ ಮಾಡಿದರೆ ಮಾತಾಡುವವರು ಮನುಷ್ಯರು. ಈ ಸಂಖ್ಯೆಯನ್ನು ಹಾಸ್ಟೆಲ್ಲು, ತರಗತಿಗಳಲ್ಲಿ ದೊಡ್ಡದಾಗಿ ಬರೆದು ಹಾಕಿ ಎಂದೂ ಕೋರ್ಟ್ ಹೇಳಿದೆ. ಬಣ್ಣದ ಡಬ್ಬಿ, ಒಂದು ಬ್ರಷ್ಷು ಸಾಕಾಗುವ ಕೆಲಸ. ನಮ್ಮಲ್ಲಿ ಇನ್ನೂ ಆಗಿಲ್ಲ.

ಸರ್ಕಾರ ಮಾಡಬೇಕಾದ್ದು ಸ್ಪಷ್ಟವಿದೆ. ಪದವಿ ಕಾಲೇಜುಗಳಲ್ಲಿ ಆಪ್ತ ಸಮಾಲೋಚಕರ ಹುದ್ದೆ ಮಂಜೂರು ಮಾಡಲಿ, ಕನ್ನಡದಲ್ಲಿ ಕೇಳಿಸಿಕೊಳ್ಳಬಲ್ಲವರನ್ನು ತುಂಬಲಿ. ಪಾಠಕ್ಕೇ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿರುವ ಕಾಲೇಜುಗಳಿಗೆ ಇದು ದುಬಾರಿ ಎನ್ನುವವರು ಆ 13,044 ಮನೆಗಳಲ್ಲಿ ಒಂದಕ್ಕೆ ಹೋಗಿ ಹೇಳಲಿ. ಆ್ಯಪ್ ಬೇಕಾದವರು ಬಳಸಲಿ, ಯಾರೂ ಕಡ್ಡಾಯ ಮಾಡುವುದು ಬೇಡ.

ಆ ಹುಡುಗಿಯ ಜೊತೆ ಮೂರು ಮಧ್ಯಾಹ್ನ ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಕೂತೆ. 'ಆಪ್ತ ಸಮಾಲೋಚನಾ ಕೊಠಡಿ' ಎಂದು ಬೋರ್ಡಿರುವ ಕೋಣೆಯಲ್ಲಿ ಮುರಿದ ಡೆಸ್ಕುಗಳಿವೆ. ನಾನು ಅರ್ಥಶಾಸ್ತ್ರ ಕಲಿಸುವವಳು. ಕೇಳಿಸಿಕೊಳ್ಳಬಲ್ಲೆ, ಅದರಾಚೆ ಏನು ಮಾಡಬೇಕೋ ಗೊತ್ತಿಲ್ಲ. ಮೂರನೆಯ ದಿನ ನನ್ನ ಫೋನಿನಿಂದ 14416 ಒತ್ತಿದೆವು. ಆ ಕಡೆಯ ಹೆಣ್ಣುದನಿ ಹೆಸರು ಕೇಳಿತು, ಆಮೇಲೆ "ಊಟ ಆಯ್ತೇನಮ್ಮಾ?" ಅಂದಿತು. ಅವಳು ಅಳತೊಡಗಿದಳು. ಅಷ್ಟರಲ್ಲಿ ಬೆಲ್ ಹೊಡೆಯಿತು. ಫೋನನ್ನು ಅವಳ ಕೈಯಲ್ಲೇ ಬಿಟ್ಟು ನಾನು ತರಗತಿಗೆ ಹೋದೆ.