ಎಮ್ಮೆ ಎಲ್ಲಿ ಕಟ್ಟಬೇಕು?

“ಹೊಳೆದಂಡೆ ಜನಕ್ಕೆ ಎಷ್ಟು ಸಲ ಮನೆ ಕಟ್ಟಿಕೊಡೋದು ಸಾರ್? ಕೊಟ್ಟ ಮನೆಗೆ ಹೋಗಲ್ಲ, ಹಳೇ ಊರು ಬಿಡಲ್ಲ, ನೀರು ಬಂದಾಗ ಮಾತ್ರ ಪರಿಹಾರ ಅಂತ ಕೈಚಾಚ್ತಾರೆ.” ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ನಿವೃತ್ತ ಅಧಿಕಾರಿಯೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಆಡಿದ ಮಾತಿದು. ಎದುರು ಸಾಲಿನವರೂ ಹೌದೆಂದು ತಲೆಯಾಡಿಸಿದರು. ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗಲೆಲ್ಲ ಟೀವಿ ಚರ್ಚೆಗಳಲ್ಲೂ ವಾಚಕರ ಪತ್ರಗಳಲ್ಲೂ ಇದೇ ಮಾತು ತಿರುತಿರುಗಿ ಬರುತ್ತದೆ. ನನಗನ್ನಿಸುವುದು ಇದಕ್ಕೆ ತೀರಾ ವಿರುದ್ಧ. ಹಳೇ ಊರು ಬಿಡದ ಜನಕ್ಕೆ ತಮ್ಮ ಬದುಕಿನ ಲೆಕ್ಕ ಚೆನ್ನಾಗಿಯೇ ಗೊತ್ತಿದೆ. ಲೆಕ್ಕ ತಪ್ಪಿದ್ದು ಅವರನ್ನು ಎತ್ತಿ ಬೇರೆಡೆ ಇಡಲು ಹೊರಟವರದು.

ಮಲಪ್ರಭೆಯನ್ನೇ ತೆಗೆದುಕೊಳ್ಳಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗ, ನರಗುಂದ, ರೋಣ, ಬಾದಾಮಿ ಸೀಮೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅಣೆಕಟ್ಟಿನ ಕೆಳಗೆ ವರ್ಷದ ಬಹುಪಾಲು ಅದರಲ್ಲಿ ಹೇಳಿಕೊಳ್ಳುವಷ್ಟು ನೀರಿರುವುದಿಲ್ಲ. ಪಾತ್ರದ ತುಂಬ ಬಳ್ಳಾರಿ ಜಾಲಿ, ಎರಡೂ ದಂಡೆಯಿಂದ ಒತ್ತಿಕೊಂಡು ಬಂದ ಕಬ್ಬು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಯಲುಸೀಮೆಯಲ್ಲೇ ಆಕಾಶ ಹರಿದಂತೆ ಮಳೆ ಸುರಿದು ಹಳ್ಳಕೊಳ್ಳಗಳು ಉಕ್ಕಿದವು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್‌ನಲ್ಲಿ ನೀರು ಬಂದದ್ದು ಘಟ್ಟದ ಕಡೆಯಿಂದ. ಅಣೆಕಟ್ಟುಗಳು ತುಂಬಿ ಗೇಟು ತೆರೆದರು, ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತು, ಕೊಣ್ಣೂರಿನ ಬಳಿ ಹೆದ್ದಾರಿಯೇ ಕೊಚ್ಚಿ ಹೋಯಿತು. ಆ ವರ್ಷ ರಾಜ್ಯದ ಒಟ್ಟು ನಷ್ಟ 35,000 ಕೋಟಿ ರೂಪಾಯಿ ದಾಟಿತೆಂದು ಸರ್ಕಾರ ಅಂದಾಜಿಸಿದರೆ, ಕೇಂದ್ರದಿಂದ ಮೊದಲು ಬಂದದ್ದು 1,200 ಕೋಟಿ.

ಈ ಎರಡು ನೆರೆಗಳ ನಡುವೆ ‘ಆಸರೆ’ ಯೋಜನೆ ಇದೆ. 2009ರ ನಂತರ ಸರ್ಕಾರ ಎತ್ತರದ ಜಾಗ ಕೊಂಡು, ಕಂಪನಿಗಳು, ಮಠಗಳು, ದಾನಿಗಳನ್ನು ಸೇರಿಸಿ ಹೊಸ ಊರುಗಳನ್ನೇ ಕಟ್ಟಿಸಿತು. ಉದ್ದೇಶದಲ್ಲಿ ಖೋಟಾ ಇರಲಿಲ್ಲ. ಆದರೂ ಹತ್ತು ವರ್ಷದ ಮೇಲೆ ಮತ್ತೆ ನೀರು ಬಂದಾಗ ಎಷ್ಟೋ ಊರುಗಳಲ್ಲಿ ಜನ ಹಳೇ ಮನೆಗಳಲ್ಲೇ ಇದ್ದರು. ಮೇಲಿನ ಆಸರೆ ಮನೆಗಳಲ್ಲಿ ಹಲವಕ್ಕೆ ಬಾಗಿಲು, ಕಿಟಕಿ ಮಾಯವಾಗಿ ಅಂಗಳದಲ್ಲಿ ಜಾಲಿ ಎದ್ದಿತ್ತು. ನನ್ನ ಊಟದ ಗೆಳೆಯರ ಸಿಟ್ಟಿಗೆ ಕಾರಣ ಇದೇ.

ಜನ ಹಳೇ ಮನೆ ಬಿಡದ ಕಾರಣ ತಿಳಿಯಬೇಕಾದರೆ ಆ ಸೀಮೆಯ ಹಳೇ ಮನೆಯೊಂದರ ಒಳಗೆ ಕಾಲಿಡಬೇಕು. ತಲೆಬಾಗಿಲು ದಾಟಿದರೆ ಮೊದಲು ಎದುರಾಗುವವು ದನಗಳು. ಗೋಡೆಗುಂಟ ಗ್ವಾದಲಿ, ಅದಕ್ಕೆ ಮುಖ ಮಾಡಿ ಕಟ್ಟಿದ ಎಮ್ಮೆ, ಎರಡು ಎತ್ತು, ಮೂಲೆಯಲ್ಲಿ ಮೇವು. ಅಲ್ಲಿಂದ ಮೊಣಕಾಲೆತ್ತರ ಹತ್ತಿದರೆ ಪಡಸಾಲೆ. ಮನೆಮಂದಿ ಕೂಡುವುದು, ಉಣ್ಣುವುದು, ಮಲಗುವುದು ಅಲ್ಲಿ. ಅದರಾಚೆ ಅಡುಗೆಮನೆ, ದೇವರ ಜಗಲಿ, ಒಂದರ ಮೇಲೊಂದು ಒಟ್ಟಿದ ಜೋಳದ ಚೀಲ. ಕಲ್ಲು ಮಣ್ಣಿನ ದಪ್ಪ ಗೋಡೆ, ತಲೆ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಒಂದು ಬೆಳಕಿಂಡಿ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹೊತ್ತು ತಂದು ಮಾಳಿಗೆ ಮೇಲೆ ಹರವಬೇಕು, ಇಲ್ಲದಿದ್ದರೆ ಸೋರುತ್ತದೆ. ಮೇ ತಿಂಗಳ ಉರಿಬಿಸಿಲಲ್ಲಿ ಮಾತ್ರ ಒಳಗೆ ತಂಪೋ ತಂಪು. ರಾತ್ರಿ ಎಮ್ಮೆ ಮಗ್ಗುಲು ಬದಲಿಸಿದರೂ ಪಡಸಾಲೆಯಲ್ಲಿ ಮಲಗಿದವಳಿಗೆ ಕೇಳುತ್ತದೆ. ಹಾವು ಬಂದರೆ, ಕಳ್ಳ ಬಂದರೆ, ಎಮ್ಮೆ ಈಯುವ ಹೊತ್ತಾದರೆ ಎದ್ದು ಹೋಗಲು ನಾಲ್ಕು ಹೆಜ್ಜೆ. ವಾಸನೆ ಇದೆ, ನೊಣ ಇವೆ. ಆರೋಗ್ಯ ಇಲಾಖೆಯವರು ಮೂಗು ಮುರಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಆ ಮನೆಯ ಹಾಲಿನ ದುಡ್ಡು, ತಿಪ್ಪೆಯ ಗೊಬ್ಬರ, ಬೆಳಗಿನ ಉಳುಮೆ ಎಲ್ಲವೂ ನಿಂತಿರುವುದು ಆ ನಾಲ್ಕು ಹೆಜ್ಜೆಯ ಮೇಲೆ.

ಆಸರೆಯ ಮನೆ ಎಂದರೆ ಹೆಚ್ಚಿನ ಕಡೆ ಸಣ್ಣದೊಂದು ಪಡಸಾಲೆ, ಅಡುಗೆಮನೆ, ಸಿಮೆಂಟಿನ ಚಾವಣಿ. ನಕ್ಷೆ ಬರೆದವರು ಮನುಷ್ಯರನ್ನು ಎಣಿಸಿದರು, ದನಗಳನ್ನು ಎಣಿಸಲಿಲ್ಲ. ಮನುಷ್ಯರ ಎಣಿಕೆಯೂ ಸರಿಯಾಗಿರಲಿಲ್ಲ: ಒಂದೇ ಮನೆ ನಂಬರಿನಲ್ಲಿ ಮೂವರು ಅಣ್ಣತಮ್ಮಂದಿರ ಸಂಸಾರಗಳಿದ್ದರೆ ಮೂವರಿಗೂ ಸೇರಿ ಒಂದೇ ಮನೆ. ಹೊಲ, ಪಂಪ್‌ಸೆಟ್ಟು, ಕಣ ಎಲ್ಲ ಕೆಳಗೆ ಉಳಿದವು. ಬೆಳಗಿನ ಜಾವ ಹಾಲು ಹಿಂಡಿ, ಹೊಲಕ್ಕೆ ಹೋಗಿ, ಕತ್ತಲಾದ ಮೇಲೆ ಮತ್ತೆ ಹಿಂಡಬೇಕಾದ ಹೆಣ್ಣುಮಗಳು ಎಮ್ಮೆಯನ್ನು ಕೆಳಗೆ ಬಿಟ್ಟು ತಾನು ಮೇಲೆ ಮಲಗುವುದಾದರೂ ಹೇಗೆ? “ಎಮ್ಮಿ ಎಲ್ಲಿ ಕಟ್ಲಿ ಸಾಹೇಬ್ರ?” ಎಂದು ಆಕೆ ಕೇಳಿದರೆ ಆ ನಕ್ಷೆಯಲ್ಲಿ ಉತ್ತರವಿಲ್ಲ.

ಪರಿಹಾರದ ಲೆಕ್ಕದಲ್ಲೂ ಇದೇ ಕುರುಡು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಕೇಂದ್ರದ ಮಾನದಂಡದಲ್ಲಿ ಆಗ ಸಿಗುತ್ತಿದ್ದದ್ದು 95,100. ರಾಜ್ಯದ್ದು ದೊಡ್ಡ ಮನಸ್ಸೇ, ಒಪ್ಪಿಕೊಳ್ಳೋಣ. ಆದರೆ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದು ಗೋಡೆ ಎಷ್ಟು ಬಿದ್ದಿದೆ ಎಂದು ನೋಡಿ. ಮಣ್ಣಿನ ಗೋಡೆ ನೀರಿದ್ದಾಗ ನಿಂತಿದ್ದು, ನೀರಿಳಿದು ಬಿಸಿಲು ಬಿದ್ದ ಮೇಲೆ ಬಿರುಕು ಬಿಟ್ಟು ಕುಸಿಯುವುದುಂಟು. ಅಷ್ಟು ಹೊತ್ತಿಗೆ ಸಮೀಕ್ಷೆಯವರು ಬಂದು ಕಡಿಮೆ ಹಾನಿಯ ‘ಸಿ’ ಎಂದು ಬರೆದುಕೊಂಡು ಹೋಗಿರುತ್ತಾರೆ. ಹಾಲು ಕೊಡುವ ಎಮ್ಮೆ ಸತ್ತರೆ ಆಗಿನ ದರ 30,000. ಅದು ಸಿಗಲು ಸತ್ತದ್ದಕ್ಕೆ ದಾಖಲೆ ಬೇಕು. ಹೊಳೆಯಲ್ಲಿ ತೇಲಿಹೋದ ಎಮ್ಮೆಯನ್ನು ಯಾವ ಡಾಕ್ಟರ ಮುಂದೆ ತಂದು ನಿಲ್ಲಿಸುವುದು?

ಸ್ಥಳಾಂತರದ ಪರವಾಗಿ ಇರುವ ಎರಡು ವಾದಗಳಿಗೆ ಮಾತ್ರ ನಾನು ತಲೆಬಾಗುತ್ತೇನೆ. ನಡುರಾತ್ರಿ ನೀರು ನುಗ್ಗಿದಾಗ ಮುದುಕರು, ಬಾಣಂತಿಯರು, ಮಕ್ಕಳು ಸಾಯುತ್ತಾರೆ. ಅವರನ್ನು ಎತ್ತಿ ತರಲು ದೋಣಿ ಹತ್ತುವ ಎನ್‌ಡಿಆರ್‌ಎಫ್ ಹುಡುಗರ ಜೀವವೂ ಜೀವವೇ. ದನ ಮುಖ್ಯ, ಹೊಲ ಮುಖ್ಯ ಎಂದು ಬರೆಯುವ ನಾನು ಒಂದು ಮಗು ಮುಳುಗಿದರೆ ಏನು ಉತ್ತರ ಕೊಡಲಿ? ಇನ್ನೊಂದು ಮಾತೂ ಸುಳ್ಳಲ್ಲ: ಒಂದೇ ಊರಿಗೆ ಮೇಲೊಂದು ಕೆಳಗೊಂದು ಎಂದು ಎರಡೆರಡು ಶಾಲೆ, ಎರಡೆರಡು ನೀರಿನ ಟ್ಯಾಂಕು ಸರ್ಕಾರ ನಡೆಸಲಾರದು. ಇವೆರಡನ್ನೂ ಎದುರಿಸದೆ ಹಳೇ ಊರಿನ ಪರ ಮಾತಾಡುವುದು ಬರೀ ಭಾವುಕತೆ. ಪರಿಹಾರದ ಆಸೆಗೇ ಜನ ಹೊಳೆದಂಡೆಯಲ್ಲಿ ಕೂತಿದ್ದಾರೆ ಎನ್ನುವವರಿಗೆ ಒಂದು ವಾರ ನಿರಾಶ್ರಿತರ ಕೇಂದ್ರದಲ್ಲಿ ಮಲಗಿ ಬನ್ನಿ ಎಂದಷ್ಟೇ ಹೇಳಬಹುದು.

ಆದರೆ ಈ ಜಾಗ ಬಿಡಿ ಎಂಬ ಉಪದೇಶ ಎಲ್ಲರಿಗೂ ಸಮನಾಗಿ ಸಿಗುತ್ತಿದೆಯೇ? 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು, ಹೊರವರ್ತುಲ ರಸ್ತೆ ಕಡೆಯ ದುಬಾರಿ ವಿಲ್ಲಾಗಳಿಗೆ ನೀರು ನುಗ್ಗಿತು. ಕೋಟ್ಯಧಿಪತಿಗಳು ಟ್ರ್ಯಾಕ್ಟರ್ ಹತ್ತಿ ಹೋಟೆಲಿಗೆ ಹೋದರು. ಕೆರೆಯಂಗಳ, ರಾಜಕಾಲುವೆಯ ಪಕ್ಕ ಮನೆ ಕಟ್ಟಿಕೊಂಡು ಮತ್ತೆ ಅಲ್ಲಿಗೇ ವಾಪಸು ಬರುತ್ತೀರಲ್ಲ, ಎಂಥ ಹಟ ನಿಮ್ಮದು ಎಂದು ಅವರನ್ನು ಟೀವಿಯಲ್ಲಿ ಬೈದವರನ್ನು ನಾನು ಕಾಣಲಿಲ್ಲ. ಒತ್ತುವರಿ ತೆರವು ಮಾಡಿ, ರಾಜಕಾಲುವೆ ಅಗಲ ಮಾಡಿ ಎಂಬ ಕೂಗೆದ್ದಿತು. ಅದು ಸರಿಯಾದ ಕೂಗೇ. ಬೆಂಗಳೂರಿನಲ್ಲಿ ನೀರಿಗೆ ದಾರಿ ಬಿಡಿ ಎನ್ನುವವರು ಮಲಪ್ರಭೆಯ ದಂಡೆಯಲ್ಲಿ ಮಾತ್ರ ಜನರೇ ದಾರಿ ಬಿಡಲಿ ಎನ್ನುತ್ತಾರೆ. ಹೊಳೆಯ ಪಾತ್ರವನ್ನು ಅಳೆದು ಕಲ್ಲು ನೆಟ್ಟು ಕಬ್ಬು ತೆಗೆಸುವ ಕೆಲಸಕ್ಕೆ ಅದೇ ಧೈರ್ಯ ಯಾಕಿಲ್ಲ? ಕಬ್ಬಿನ ಹಿಂದೆ ಕಾರ್ಖಾನೆ ಇದೆ, ಕಾರ್ಖಾನೆಯ ಹಿಂದೆ ಯಾರಿದ್ದಾರೆ ಎಂಬುದನ್ನು ಈ ನಾಡಿಗೆ ಬಿಡಿಸಿ ಹೇಳಬೇಕಿಲ್ಲ.

ಜೀವದ ಪ್ರಶ್ನೆಗೆ ಉತ್ತರ ಜನರ ನಡೆಯಲ್ಲೇ ಇದೆ. ಅನೇಕ ಸಂಸಾರಗಳು ಈಗಾಗಲೇ ಎರಡು ಕಡೆ ಬದುಕುತ್ತಿವೆ: ಮೇಲೆ ಓದುವ ಮಗ, ಸೊಸೆ, ಕೆಳಗೆ ದನ ಕಾಯುವವರು. ಕಚೇರಿಯ ಕಣ್ಣಿಗೆ ಇದು ಮೋಸ, ಎರಡು ಮನೆ ಉಣ್ಣುವ ಕಳ್ಳಾಟ. ಇದನ್ನೇ ನಿಯಮ ಮಾಡಿದರೆ ಕೆಡುವುದೇನು? ಶಾಲೆ, ಅಂಗನವಾಡಿ, ರೇಷನ್ ಅಂಗಡಿ, ಆಸ್ಪತ್ರೆ ಮೊದಲು ಮೇಲಿನೂರಿಗೆ ಹೋಗಲಿ, ಇವು ಎರಡೆರಡು ಬೇಡ. ದಾಖಲೆ, ಕಾಳು, ಮಕ್ಕಳು, ಮುದುಕರು ಮೇಲಿರಲಿ. ಹಗಲಿನ ಬದುಕು, ಕಣ, ಕೊಟ್ಟಿಗೆ ಕೆಳಗಿರಲಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದನಗಳೂ ಮೇಲೆ ಬರಲು ಜಾಗ ಇರಲಿ. ಆಸರೆಯಲ್ಲಿ ಬಹಳ ಕಡೆ ಆದದ್ದು ತಿರುವುಮುರುವು: ಮನೆ ಮೊದಲು ಎದ್ದಿತು, ರಸ್ತೆ, ನೀರು, ಶಾಲೆ ಆಮೇಲೆ ಬಂದಾವೆಂದು ಜನ ಕಾಯಬೇಕಾಯಿತು.

ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗಿನ ಊರಿಗೆ ಮುಟ್ಟಲು ಗಂಟೆಗಳು ಬೇಕು. ಎಷ್ಟು ಬಿಟ್ಟರೆ ಯಾವ ಓಣಿ ಮುಳುಗುತ್ತದೆಂದು ಹೇಳಬಲ್ಲವರು ಪ್ರತಿ ಊರಲ್ಲೂ ಇದ್ದಾರೆ. ಕ್ಯುಸೆಕ್ಕಿನ ಭಾಷೆಯ ಪ್ರಕಟಣೆಯ ಬದಲು “ಇಂಥ ಗುಡಿ ಮೆಟ್ಟಿಲವರೆಗೆ ಬರ್ತದ” ಎಂದು ಡಂಗುರ ಸಾರಿದರೆ ಎಮ್ಮೆ ಸಮೇತ ಹೊರಡಲು ಹೊತ್ತು ಸಿಗುತ್ತದೆ. 2009ರಂತೆ ಹಳ್ಳವೇ ಉಕ್ಕಿದಾಗ ಇದೂ ಸಾಲದು. ಅಂಥ ರಾತ್ರಿಗೆಂದೇ ಮಕ್ಕಳು ಮುದುಕರು ಮೇಲೆ ಮಲಗಬೇಕಾದದ್ದು.

ಮೇಲಿನೂರಲ್ಲಿ ಕೊಟ್ಟಿಗೆ ಕಟ್ಟಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಉದ್ಯೋಗ ಖಾತ್ರಿಯಲ್ಲಿ ದನದ ಕೊಟ್ಟಿಗೆಗೆ ದುಡ್ಡು ಕೊಟ್ಟದ್ದುಂಟು. ಆದರೆ ಅಂಥದಕ್ಕೆ ಅರ್ಜಿ ಹಾಕಲು ಜಾಗ ನಿಮ್ಮದೆಂದು ತೋರಿಸುವ ಕಾಗದ ಬೇಕು. ಹಕ್ಕುಪತ್ರವೇ ಕೈಗೆ ಬಾರದ ಆಸರೆ ಮನೆಯ ಹಿತ್ತಲಲ್ಲಿ ಯಾರ ಹೆಸರಿನಲ್ಲಿ ಗೂಟ ಹೊಡೆಯುವುದು?