14.7 ಬಿಡ್ರಿ, ಲ್ಯಾಂಬ್ಡಾ ಹಿಡೀರಿ

ಹಾಸ್ಟೆಲ್‌ನ್ಯಾಗ ಟರ್ಬೊ ಕಾರಿನ ಮಾತು ಬಂತಂದ್ರೆ ಎರಡು ಪ್ರಶ್ನೆ ಗ್ಯಾರಂಟಿ: "ಬೂಸ್ಟ್ ಎಷ್ಟು?", "ಎಚ್‌ಪಿ ಎಷ್ಟು?" ಮೂರನೇ ಪ್ರಶ್ನೆ ಮಾತ್ರ ಯಾರೂ ಕೇಳಂಗಿಲ್ಲ: ಪೂರ್ತಿ ಥ್ರಾಟಲ್ ಒತ್ತಿದಾಗ ಲ್ಯಾಂಬ್ಡಾ ಎಷ್ಟಕ್ಕ ನಿಂತದ? ಇದಕ್ಕೆ ಉತ್ತರ ಕೊಡಲಾಗದವನು ಲ್ಯಾಪ್‌ಟಾಪ್ ಹಿಡಿದು ಬಂದರೂ ಅವನಿಗೆ ಕಾರು ಕೊಡಬಾರದು ಅನ್ನೋದು ನನ್ನ ವಾದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಂತೂ ಈ ಪ್ರಶ್ನೆ ಮೊದಲು ಕೇಳಬೇಕು. ಯಾಕಂದ್ರೆ ನಮ್ಮ ಗಾಳಿನೂ ಬ್ಯಾರೆ, ಈಗ ಪೆಟ್ರೋಲೂ ಬ್ಯಾರೆ.

ಮೊದಲು ಗಾಳಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಅಂತ ಇಟ್ಟುಕೊಳ್ಳಿ. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ, ಅದೇ ಒತ್ತಡದಲ್ಲಿ ಸಾಂದ್ರತೆ ಸುಮಾರು 9% ಕಡಿಮೆ. ಇದು ಪಿಯುಸಿ ಲೆಕ್ಕ. ಈ ಗಾಳಿಯನ್ನು ಟರ್ಬೊ 1 ಬಾರ್ ಬೂಸ್ಟ್‌ಗೆ ಒತ್ತಿದರೆ, ಕಂಪ್ರೆಸರ್ ದಕ್ಷತೆ 70% ಅಂದುಕೊಂಡರೂ ಹೊರಗೆ ಬರುವ ಗಾಳಿ 140 ಡಿಗ್ರಿ ಮುಟ್ಟುತ್ತದೆ. ಅದನ್ನು ತಣ್ಣಗೆ ಮಾಡಬೇಕಾದ ಇಂಟರ್‌ಕೂಲರ್‌ಗೆ ಸಿಗೋದೂ ಅದೇ ಕಾದ ಗಾಳಿ. ಬೆಂಗಳೂರಿನಲ್ಲಿ ಡಿಸೆಂಬರ್ ತಿಂಗಳು ಬೆಳಿಗ್ಗೆ ಮಾಡಿದ ಟ್ಯೂನ್ ಅಲ್ಲಿ ಸರಿ ಇರಬಹುದು. ಆದರೆ ಇಸಿಯುನ ಬಿಸಿ ಗಾಳಿಯ ಟೇಬಲ್‌ಗಳನ್ನು ಅಲ್ಲಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಆ ಪರೀಕ್ಷೆ ನಡೆಯೋದು ಸಿಂದಗಿ ರಸ್ತೆಯ ಮ್ಯಾಲ, ನಿಮ್ಮ ಪಿಸ್ಟನ್ ಖರ್ಚಿನ್ಯಾಗ.

ಇನ್ನು ಪೆಟ್ರೋಲ್. ನಮ್ಮ ಜಿಲ್ಲೆ ಕಬ್ಬಿನ ಜಿಲ್ಲೆ. ಸಕ್ಕರೆ ಕಾರ್ಖಾನೆ ಅಂದ್ರೆ ಈಗ ಬರೀ ಸಕ್ಕರೆಯ ಮಾತಲ್ಲ, ಎಥನಾಲ್‌ದೂ ಹೌದು. 2025ರಲ್ಲಿ ದೇಶದ ಪೆಟ್ರೋಲ್‌ನಲ್ಲಿ ಎಥನಾಲ್ ಪ್ರಮಾಣ 20% ಮುಟ್ಟಿತು. 1 ಕೆಜಿ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ತೂಕದ ಲೆಕ್ಕ ಹಿಡಿದರೆ ಇ20ಗೆ 13.5ರ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ 9% ಹೆಚ್ಚು ತೂಕದ ಇಂಧನ ಬೇಕು. ಹಳೆ ಪೆಟ್ರೋಲ್‌ಗೆ ಬರೆದ ಫೈಲ್ ಬೂಸ್ಟ್‌ನಲ್ಲಿ ಲ್ಯಾಂಬ್ಡಾ 0.82 ಕೊಡುತ್ತಿದ್ದರೆ, ಇಸಿಯು ತಿದ್ದದೇ ಇದ್ದಲ್ಲಿ ಅದೇ ಇಂಜೆಕ್ಷನ್ ಇ20 ಮೇಲೆ 0.88 ಆಗುತ್ತದೆ. ಹೊಲದಾಗಿನ ಕಬ್ಬು ಟ್ಯಾಂಕಿಗೆ ಬಂದು ನಿಮ್ಮ ಮ್ಯಾಪ್ ಬದಲು ಮಾಡಿತು, ನಿಮಗ ಗೊತ್ತೂ ಆಗಲಿಲ್ಲ! ಎಥನಾಲ್ ನಾಕಿಂಗ್ ತಡೀತದ, ಸಿಲಿಂಡರ್ ತಣ್ಣಗ ಇಡ್ತದ, ಆ ಲಾಭ ಖರೇನ. ಆದರೆ ಅದೇ ನೆಪದಲ್ಲಿ ಬೂಸ್ಟ್ ಏರಿಸಿ, ಇಂಧನ ಮಾತ್ರ ಹಳೆಯಷ್ಟೇ ಬಿಟ್ಟರೆ ಸಿಕ್ಕ ಲಾಭ ಅಲ್ಲೇ ಕರಗುತ್ತದೆ.

ಇಲ್ಲೇ ಒಂದು ದೊಡ್ಡ ಗೊಂದಲ ಇದೆ. "ನನ್ನ ಮೀಟರ್ 14.7 ತೋರಸ್ತದ, ಎಲ್ಲಾ ಬರೋಬರಿ" ಅಂತ ವಾದ ಮಾಡುವವರಿದ್ದಾರೆ. ವೈಡ್‌ಬ್ಯಾಂಡ್ ಸೆನ್ಸರ್‌ಗೆ ಯಾವ ಇಂಧನ ಅಂತ ಗೊತ್ತಾಗುವುದಿಲ್ಲ. ಅದು ಅಳೆಯುವುದು ಲ್ಯಾಂಬ್ಡಾ. ಮೀಟರ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಅಷ್ಟೇ. ಇ20 ಇದ್ದರೂ ಲ್ಯಾಂಬ್ಡಾ 1 ಆದಾಗ ಮೀಟರ್ 14.7 ಅಂತಲೇ ಹೇಳುತ್ತದೆ. ಹಾಗಾಗಿ ಅನುಪಾತದ ನಂಬರ್ ಹಿಡಿದು ಜಗಳ ಆಡೋದು ವ್ಯರ್ಥ. ಲ್ಯಾಂಬ್ಡಾದಲ್ಲಿ ಯೋಚಿಸಿ, ಲ್ಯಾಂಬ್ಡಾದಲ್ಲೇ ಟ್ಯೂನ್ ಮಾಡಿ.

ಸ್ಥಿರ ಅನುಪಾತ ಅಂದರೆ ಎಲ್ಲಾ ಕಡೆ ಒಂದೇ ನಂಬರ್ ಅಂತಲೂ ಅಲ್ಲ. ಆರಾಮಾಗಿ ಓಡಿಸುವಾಗ 1, ಪೂರ್ತಿ ಬೂಸ್ಟ್‌ನಲ್ಲಿ ಸಾಮಾನ್ಯವಾಗಿ 0.80ರಿಂದ 0.85. ಆಯಾ ಜಾಗದಲ್ಲಿ ಗುರಿ ಏನಿದೆಯೋ ಅಲ್ಲಿ ಅಲುಗಾಡದೆ ನಿಲ್ಲಬೇಕು. ನಿಲ್ಲದಿದ್ದರೆ ಮ್ಯಾಪ್ ಮುಟ್ಟುವ ಮೊದಲು ಗಾಡಿ ನೋಡ್ರಿ. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಪೈಪಿನಲ್ಲಿ ಸಣ್ಣ ಸೀಳಿದ್ದರೂ ಹೊರಗಿನ ಗಾಳಿ ಒಳಗೆ ಎಳೆದು ಸುಳ್ಳು ಲೀನ್ ತೋರಿಸುತ್ತದೆ. ಬೂಸ್ಟ್ ಏರಿದಂತೆ ಇಂಧನದ ಒತ್ತಡ ಏರದಿದ್ದರೆ, ಇಂಜೆಕ್ಟರ್ ತನ್ನ ಮಿತಿ ಮುಟ್ಟಿದ್ದರೆ, ಮೇಲಿನ ಆರ್‌ಪಿಎಂನಲ್ಲಿ ಲೀನ್ ಆಗುತ್ತದೆ. ನಮ್ಮ ಎರಿ ಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಅಂತ ಕಬ್ಬಿನ ಸೀಸನ್‌ನ್ಯಾಗ ಟ್ರ್ಯಾಕ್ಟರ್ ಹಿಂದ ಗಾಡಿ ಹೊಡೆದವರಿಗೆ ಹೇಳೋದೇ ಬ್ಯಾಡ.

"ಇಸಿಯು ತಾನಾ ಸರಿ ಮಾಡ್ಕೋತದ ಬಿಡೋ" ಅನ್ನುವವರಿಗೆ ಅರ್ಧ ಒಪ್ಪಿಗೆ. ಫ್ಯೂಯಲ್ ಟ್ರಿಮ್ ಇರುವುದೇ ಅದಕ್ಕೆ, ಕಂಪನಿಯ ಸ್ಟಾಕ್ ಟ್ಯೂನ್‌ನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಪೂರ್ತಿ ಥ್ರಾಟಲ್‌ನಲ್ಲಿ ಬಹಳಷ್ಟು ಗಾಡಿಗಳು ಸೆನ್ಸರ್‌ನ ಮಾತಿಗಿಂತ ಟೇಬಲ್‌ನ ಮಾತನ್ನೇ ಹೆಚ್ಚು ನಂಬುತ್ತವೆ. ಅನಾಹುತ ಆಗೋದೂ ಅಲ್ಲೇ.

ನಮ್ಮೂರ ಮಿಸ್ತ್ರಿಗಳ ಕಿವಿಗೆ ನನಗೆ ಗೌರವ ಇದೆ. ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ, ಪ್ಲಗ್ಗಿನ ಬಣ್ಣ ನೋಡಿ ಸರಿ ಮಾಡಿದ ಕೈ ಅವು. ಆದರೆ 5,000 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಸೆಕೆಂಡಿಗೆ 40ಕ್ಕೂ ಹೆಚ್ಚು ಸಲ ಉರಿಯುತ್ತದೆ. ಕಿವಿಗೆ ನಾಕ್ ಕೇಳಿಸುವಷ್ಟರಲ್ಲಿ ಪಿಸ್ಟನ್‌ಗೆ ಪೆಟ್ಟು ಬಿದ್ದಿರುತ್ತದೆ. ಡೀಸೆಲ್ ಪಿಕಪ್, ಟ್ರ್ಯಾಕ್ಟರ್ ಪಂಪ್ ಏರಿಸಿ ಕರಿ ಹೊಗಿ ಬಿಡೋದನ್ನ ಪವರ್ ಅಂತ ತಿಳಿಯೋದೂ ಅಷ್ಟೇ ತಪ್ಪು. ಕರಿ ಹೊಗಿ ಅಂದ್ರೆ ಉರಿಯದೆ ಹೋದ ಡೀಸೆಲ್, ಅಂದ್ರೆ ನಿಮ್ಮಪ್ಪನ ರೊಕ್ಕ.

ಹಂಗಾದ್ರೆ ಮಾಡೋದೇನು? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ಸ್ವರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ. ಹಾಗಾಗಿ ಪ್ರಯೋಗಕ್ಕೆ ಜಾಗ ಡೈನೊ ಮತ್ತು ಟ್ರ್ಯಾಕ್, ಊರ ರಸ್ತೆ ಅಲ್ಲ. ಆದರೆ ಅಳತೆಗೆ ಯಾರ ಅಡ್ಡಿಯೂ ಇಲ್ಲ. ಈ ಸಲ ಊರಿಗೆ ಹೋಗುವಾಗ ಒಂದು ಓಬಿಡಿ ಅಡಾಪ್ಟರ್ ಒಯ್ಯಿರಿ. ನಾಲ್ಕು ತಾಲ್ಲೂಕಿನ ಹುಡುಗರು, ಹುಡುಗಿಯರು ಮನೆಯ ಸ್ಟಾಕ್ ಕಾರಿನ ಫ್ಯೂಯಲ್ ಟ್ರಿಮ್, ಒಳಹೋಗುವ ಗಾಳಿಯ ಉಷ್ಣತೆ ಬರೆದು ತರಲಿ: ಒಂದು ಜನವರಿಯಲ್ಲಿ, ಒಂದು ಮೇನಲ್ಲಿ. ಮೊಬೈಲ್ ನೋಡೋದು ಪಕ್ಕದಲ್ಲಿ ಕೂತವರ ಕೆಲಸ, ಡ್ರೈವರ್‌ದಲ್ಲ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ, ಸರ್ ಎದುರಿಗೆ, 90 ಮಿಲಿ ಪೆಟ್ರೋಲ್‌ಗೆ 10 ಮಿಲಿ ನೀರು ಹಾಕಿ ಅಲುಗಾಡಿಸಿ ಬಿಡಿ. ಎಥನಾಲ್ ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 28 ಮಿಲಿ ಹತ್ತಿರ ಬಂದರೆ ಅದು ಇ20.

ಕಾಲೇಜು ಒಂದು ವೈಡ್‌ಬ್ಯಾಂಡ್ ಕಿಟ್ ಕೊಂಡು ಲೈಬ್ರರಿ ಪುಸ್ತಕದಂತೆ ಪ್ರಾಜೆಕ್ಟ್ ತಂಡಗಳಿಗೆ ಕೊಡಲಿ ಅಂತ ನನ್ನ ಬೇಡಿಕೆ. ವಿಜಯಪುರದ ಬಿಸಿಲು, ಧೂಳು, ಇ20 ಮೂರೂ ಸೇರಿದ ಮಾಹಿತಿ ಹೊರದೇಶದ ಟ್ಯೂನಿಂಗ್ ವಿಡಿಯೊದಾಗ ಸಿಗಂಗಿಲ್ಲ. ಅದನ್ನು ನಾವೇ ಅಳೆದು ಬರೀಬೇಕು. ಅಲ್ಲಿತನಕ ಯಾರಾದರೂ "ಸ್ಟೇಜ್ 1 ಹಾಕ್ತೀನಿ, 30 ಎಚ್‌ಪಿ ಜಾಸ್ತಿ" ಅಂದ್ರೆ ಒಂದೇ ಮಾತು ಕೇಳ್ರಿ: "ಅಣ್ಣಾ, ಮೇ ತಿಂಗಳಿಂದು ಲಾಗ್ ತೋರಸ್ತೀ ಏನು?"