ಆದಿ ಕ್ರೈಸ್ತಸಭೆಯ ಚರಿತ್ರೆ ಮತ್ತು ಕನ್ನಡದ ಪರಿಭಾಷೆ

ಕ್ರೈಸ್ತಧರ್ಮದ ಮೊದಲ ಮೂರು ಶತಮಾನಗಳನ್ನು ಕುರಿತ ಕನ್ನಡ ಬರಹಗಳು ಬಹುಮಟ್ಟಿಗೆ ಒಂದೇ ಎರಕದಲ್ಲಿ ಹೊಯ್ದಂತಿವೆ. ಯೆರೂಸಲೇಮಿನಲ್ಲಿ ಹುಟ್ಟಿದ ಒಂದು ಸಣ್ಣ ಸಮುದಾಯ, ಕ್ರಿ.ಶ. 64ರಲ್ಲಿ ನೀರೋ, 250ರಲ್ಲಿ ಡೇಸಿಯಸ್, 303ರಲ್ಲಿ ಡಯೋಕ್ಲೀಷಿಯನ್ ನಡೆಸಿದ ಹಿಂಸೆ. 313ರಲ್ಲಿ ದೊರೆತ ಧರ್ಮಸ್ವಾತಂತ್ರ್ಯ. 325ರ ನೈಸಿಯಾ ಮಹಾಸಭೆ. ಹಿಂಸೆಯಿಂದ ಅಧಿಕಾರದೆಡೆಗೆ ಸಾಗುವ ಈ ಸರಳರೇಖೆ ಸುಳ್ಳಲ್ಲ. ಆದರೆ ಇಂಗ್ಲಿಷ್ ಪಠ್ಯಪುಸ್ತಕಗಳಿಂದ ಎತ್ತಿಕೊಂಡ ಈ ನಿರೂಪಣೆಯಲ್ಲಿ ಒಂದು ಮೂಲಭೂತ ಪ್ರಶ್ನೆ ಕಾಣೆಯಾಗಿದೆ. ಆ ಸಮುದಾಯ ಯಾವ ಭಾಷೆಯಲ್ಲಿ, ಯಾರ ಮಾತುಗಳನ್ನು ಎರವಲು ಪಡೆದು ಬೆಳೆಯಿತು ಎಂಬುದೇ ಆ ಪ್ರಶ್ನೆ. ಇದನ್ನು ಕೇಳಬೇಕಾದವರಲ್ಲಿ ಕನ್ನಡ ವಿಭಾಗಗಳೂ ಸೇರಿವೆ.

ಆದಿಸಭೆಯ ಒಳಗಿನ ಮೊದಲ ಬಿಕ್ಕಟ್ಟುಗಳಲ್ಲಿ ಒಂದು ಭಾಷಿಕವಾದುದು. ದಿನನಿತ್ಯದ ಅನ್ನವಿತರಣೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಅಲ್ಲಿ ಏಳುತ್ತದೆ. ಪರಿಹಾರಕ್ಕಾಗಿ ಆಯ್ಕೆಯಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಮುಂದೆ ರೋಮಿನಲ್ಲಿ ಬೆಳೆದ ಸಮುದಾಯವೂ ಬಹುಕಾಲ ಆರಾಧಿಸಿದ್ದು ಲ್ಯಾಟಿನಿನಲ್ಲಲ್ಲ, ವಲಸಿಗರ ಗ್ರೀಕಿನಲ್ಲಿ. ಪೌಲನು ರೋಮಿನವರಿಗೆ ಬರೆದ ಪತ್ರವೂ ಗ್ರೀಕಿನದು. ಲ್ಯಾಟಿನ್ ಕ್ರೈಸ್ತ ಪರಿಭಾಷೆಗೆ ಗಟ್ಟಿ ರೂಪ ಬಂದುದು ಉತ್ತರ ಆಫ್ರಿಕದ ಕಾರ್ತೇಜಿನ ಟರ್ಟುಲಿಯನ್ನನ ಕಾಲಕ್ಕೆ, ಅಂದರೆ ಕ್ರಿ.ಶ. 200ರ ಆಸುಪಾಸಿನಲ್ಲಿ. ಸೈನಿಕನ ಪ್ರಮಾಣವಚನಕ್ಕೆ ಬಳಕೆಯಲ್ಲಿದ್ದ ‘ಸಾಕ್ರಮೆಂತುಮ್’ ಎಂಬ ಪದ ಆಗ ಪವಿತ್ರ ಸಂಸ್ಕಾರದ ಹೆಸರಾಯಿತು. ಆದಿಸಭೆಯ ಬೆಳವಣಿಗೆಯೆಂದರೆ ಜನಸಂಖ್ಯೆಯ ಹೆಚ್ಚಳ ಮಾತ್ರವಲ್ಲ. ಲೋಕದ ಮಾತುಗಳಿಗೆ ಹೊಸ ಅರ್ಥದ ಹೊರೆ ಹೊರಿಸಿದ ಪ್ರಕ್ರಿಯೆಯೂ ಹೌದು.

ಇದೇ ಪ್ರಕ್ರಿಯೆ ಕನ್ನಡದಲ್ಲಿ ನಡೆದುದು ನಮ್ಮ ಕಣ್ಣಳತೆಯ ಕಾಲದಲ್ಲಿ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1830ರ ದಶಕದ ಆರಂಭಕ್ಕೆ ಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತ್ತು. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ ಬಂದಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ಬಳಿಕ ಕಥೋಲಿಕ ಪೂಜಾವಿಧಿಯೂ ಲ್ಯಾಟಿನಿನಿಂದ ಕನ್ನಡಕ್ಕೆ ತಿರುಗಿತು. ಹೀಗೆ ಬೇರೆ ಬೇರೆ ದಾರಿಗಳಲ್ಲಿ ಎರಡು ಪರಿಭಾಷೆಗಳು ನೆಲೆಗೊಂಡವು. ಒಂದರಲ್ಲಿ ‘ಅಪೊಸ್ತಲ’, ‘ಸುವಾರ್ತೆ’, ‘ಸಭೆ’. ಇನ್ನೊಂದರಲ್ಲಿ ‘ಪ್ರೇಷಿತ’, ‘ಶುಭಸಂದೇಶ’, ‘ಧರ್ಮಸಭೆ’. ಆದಿಸಭೆಯ ಚರಿತ್ರೆಗೆ ಮುಖ್ಯ ಆಕರವಾದ ಗ್ರಂಥವೇ ಒಂದೆಡೆ ‘ಅಪೊಸ್ತಲರ ಕೃತ್ಯಗಳು’, ಮತ್ತೊಂದೆಡೆ ‘ಪ್ರೇಷಿತರ ಕಾರ್ಯಕಲಾಪಗಳು’.

ಈ ಭಿನ್ನತೆಯನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ; ಅದು ವ್ಯಾಖ್ಯಾನದ ಸಂಪತ್ತು. ‘ದೀಕ್ಷಾಸ್ನಾನ’ದಲ್ಲಿ ಸ್ನಾನ ಪ್ರಧಾನ, ‘ಸ್ನಾನದೀಕ್ಷೆ’ಯಲ್ಲಿ ದೀಕ್ಷೆ ಪ್ರಧಾನ. ಎರಡರಲ್ಲಿಯೂ ಶೈವ, ಜೈನ ಪರಂಪರೆಗಳ ‘ದೀಕ್ಷೆ’ ಎಂಬ ಪದ ಹೊಸ ನೆಲದಲ್ಲಿ ಬೇರುಬಿಟ್ಟಿದೆ. ಕಥೋಲಿಕರಲ್ಲಿ ರೂಢಿಯಲ್ಲಿರುವ, ತಮಿಳಿನಲ್ಲಿಯೂ ಇರುವ ‘ಜ್ಞಾನಸ್ನಾನ’ವಂತೂ ಎರಡನೆಯ ಶತಮಾನದ ಜಸ್ಟಿನ್ನನನ್ನು ನೆನಪಿಗೆ ತರುತ್ತದೆ, ಆತ ಈ ಸಂಸ್ಕಾರವನ್ನು ‘ಬೆಳಗುವಿಕೆ’ ಎಂದೇ ಕರೆದಿದ್ದಾನೆ. ಸಾಮ್ಯ ಆಕಸ್ಮಿಕವೇ ಇರಬಹುದು. ಆದರೂ ಅದು ಪರಿಶೀಲನೆಗೆ ಅರ್ಹವಾದುದು.

‘ಸಭೆ’ ಎಂಬ ಪದದ ಮಹತ್ತ್ವ ಇನ್ನೂ ಹೆಚ್ಚಿನದು. ಗ್ರೀಕಿನ ‘ಎಕ್ಲೇಸಿಯಾ’ ಮೂಲದಲ್ಲಿ ನಗರದ ಪೌರರ ಕೂಟ. ಇಂಗ್ಲಿಷಿನ ‘ಚರ್ಚ್’ ಕಟ್ಟಡವನ್ನೂ ಜನರನ್ನೂ ಒಂದೇ ಪದದಲ್ಲಿ ಬೆರೆಸುತ್ತದೆ. ಕನ್ನಡ ‘ಸಭೆ’ ಮತ್ತು ‘ದೇವಾಲಯ’ ಎಂದು ಅವನ್ನು ಬೇರ್ಪಡಿಸಿದೆ. ಮೊದಲ ಎರಡು ಶತಮಾನಗಳ ಕ್ರೈಸ್ತರು ಕೂಡುತ್ತಿದ್ದುದು ಬಹುಪಾಲು ಮನೆಗಳಲ್ಲಿ. ಸಿರಿಯದ ದೂರಾ ಯೂರೋಪೋಸಿನಲ್ಲಿ ದೊರೆತ, ಆರಾಧನೆಗೆಂದು ಮಾರ್ಪಡಿಸಿದ ಮನೆ ಮೂರನೆಯ ಶತಮಾನದ ನಡುಗಾಲದ್ದು. ಹೀಗಿರುವಾಗ ‘ಆರಂಭಿಕ ಚರ್ಚ್’ ಎಂದು ಬರೆಯುವ ಲೇಖಕ ಇಲ್ಲದ ಗೋಪುರವನ್ನು ಓದುಗನ ಮನಸ್ಸಿನಲ್ಲಿ ಎಬ್ಬಿಸುತ್ತಾನೆ. ಅಂತೆಯೇ ‘ಸಭಾಧ್ಯಕ್ಷ’, ‘ಸಭಾಸೇವಕ’ ಎಂಬ ಪದಗಳನ್ನು ಬಿಟ್ಟು ಮೊದಲ ಶತಮಾನಕ್ಕೇ ‘ಬಿಷಪ್’ ಎಂದು ಬರೆಯುವುದು ಮುಂದೆ ಬೆಳೆದ ಅಧಿಕಾರಶ್ರೇಣಿಯನ್ನು ಹಿಂದಕ್ಕೆ ಒಯ್ದಂತೆ. ಕೈಯಲ್ಲಿದ್ದ ಹರಿತವಾದ ಉಪಕರಣವನ್ನು ಬಿಟ್ಟು ಮೊಂಡಾದುದನ್ನು ಎರವಲು ತಂದಂತಾಗಿದೆ.

ಈ ಮಾತು ಪುಸ್ತಕಕ್ಕೆ ಸೀಮಿತವಲ್ಲ ಎಂಬುದಕ್ಕೆ ದಕ್ಷಿಣ ಬೆಂಗಳೂರು ಸಾಕ್ಷಿ. ಪೇಟೆಯ ಅಂಚಿನ ರೈಸ್ ಸ್ಮಾರಕ, ಹಡ್ಸನ್ ಸ್ಮಾರಕ ದೇವಾಲಯಗಳು ಹಳೆಯ ಕನ್ನಡ ಸಭೆಗಳ ನೆಲೆ. ದಂಡುಪ್ರದೇಶದಲ್ಲಿ ತಮಿಳು, ಇಂಗ್ಲಿಷ್ ಸಭೆಗಳು ಬೆಳೆದವು. 1948ರಲ್ಲಿ ಅಡಿಗಲ್ಲು ಕಂಡ ಜಯನಗರ, ಅನಂತರದ ಬನಶಂಕರಿ, ಜೆ.ಪಿ. ನಗರಗಳು, ಭೈರಸಂದ್ರ-ತಾವರೆಕೆರೆ-ಮಡಿವಾಳಗಳ ಮೊದಲಕ್ಷರ ಹೊತ್ತ ಬಿ.ಟಿ.ಎಂ. ಬಡಾವಣೆ ಈ ಎರಡೂ ಲೋಕಗಳ ಆಚೆಗೆ ಹುಟ್ಟಿದವು. ಇಲ್ಲಿ ಕನ್ನಡ, ತಮಿಳು, ಮಲಯಾಳ, ಇಂಗ್ಲಿಷ್ ಆರಾಧನೆಗಳು ನೆರೆಹೊರೆಯಲ್ಲಿಯೇ ನಡೆಯುತ್ತವೆ. ಮನೆಯ ಕೋಣೆಯಲ್ಲಿ, ಬಾಡಿಗೆಯ ಸಭಾಂಗಣದಲ್ಲಿ ಕೂಡುವವರೂ ಇದ್ದಾರೆ. ಕಟ್ಟಡವಿಲ್ಲದ ಕೂಟ ನೆರೆಯವರಲ್ಲಿ ಅನುಮಾನ ಹುಟ್ಟಿಸುವುದೂ ಹೊಸದಲ್ಲ. ಕ್ರಿ.ಶ. 112ರ ಸುಮಾರಿಗೆ ಪ್ಲಿನಿ ಚಕ್ರವರ್ತಿ ಟ್ರಾಜನ್ನನಿಗೆ ಬರೆದುದು ನಸುಕಿನಲ್ಲಿ ಕೂಡುತ್ತಿದ್ದ ಇಂಥವರನ್ನು ಕುರಿತೇ. ಬಿ.ಟಿ.ಎಂ.ಗೆ ಸಮೀಪದಲ್ಲಿ, ಹೊಸೂರು ರಸ್ತೆಯಲ್ಲಿ, 1957ರಿಂದ ಧರ್ಮಾರಾಮ್ ವಿದ್ಯಾಕೇಂದ್ರವಿದೆ. ಆದಿಸಭೆಯ ಚರಿತ್ರೆ ಅಲ್ಲಿ ಗಂಭೀರ ಅಧ್ಯಯನದ ವಿಷಯ. ಆದರೆ ಆ ವಿದ್ವತ್ತಿನ ಭಾಷೆ ಮುಖ್ಯವಾಗಿ ಇಂಗ್ಲಿಷ್. ಕನ್ನಡದಲ್ಲಿ ಪ್ರಾರ್ಥಿಸುವ ಸಭೆಗೂ ಅದರ ಚರಿತ್ರೆಯನ್ನು ಬರೆಯುವ ಪಾಂಡಿತ್ಯಕ್ಕೂ ನಡುವಿನ ದೂರ ಕೆಲವೇ ಬೀದಿಗಳದ್ದು. ಅದನ್ನು ದಾಟುವ ಸೇತುವೆ ಮಾತ್ರ ಇನ್ನೂ ಗಟ್ಟಿಯಾಗಿಲ್ಲ.

ಕನ್ನಡ ಸಂಶೋಧನೆಯ ಹೊಣೆಯೂ ಇದರಲ್ಲಿದೆ. 1843ರ ‘ಮಂಗಳೂರ ಸಮಾಚಾರ’ಕ್ಕಾಗಿ ಮ್ಯೋಗ್ಲಿಂಗ್, 1894ರ ನಿಘಂಟಿಗಾಗಿ ಕಿಟ್ಟೆಲ್ ನಮ್ಮ ವಿಭಾಗಗಳಲ್ಲಿ ಸ್ಮರಣೀಯರು. ಅವರನ್ನು ಈ ನಾಡಿಗೆ ಕರೆತಂದ ಗ್ರಂಥದ ಕನ್ನಡ ಮಾತ್ರ ಅಧ್ಯಯನದ ಅಂಚಿಗೆ ಸರಿದಿದೆ. ಅದು ದೇವಶಾಸ್ತ್ರದ ವ್ಯಾಪ್ತಿ, ಸಾಹಿತ್ಯ ವಿಭಾಗದ್ದಲ್ಲ ಎಂಬ ಆಕ್ಷೇಪ ನಿಲ್ಲುವಂಥದಲ್ಲ. ‘ವಡ್ಡಾರಾಧನೆ’ಯ ಜೈನ ಪರಿಭಾಷೆಯನ್ನೂ ವಚನಗಳ ಷಟ್‌ಸ್ಥಲವನ್ನೂ ಅರಿಯದೆ ಆ ಕೃತಿಗಳನ್ನು ಓದಲಾಗದು ಎಂದು ಒಪ್ಪಿದ ಶಾಸ್ತ್ರಶಿಸ್ತು ಕ್ರೈಸ್ತ ಪರಿಭಾಷೆಗೆ ಬೇರೆ ನ್ಯಾಯ ವಿಧಿಸಲು ಕಾರಣವಿಲ್ಲ.

ತುರ್ತಾಗಿ ಆಗಬೇಕಾದುದು ಕನ್ನಡ ಕ್ರೈಸ್ತ ಪದಗಳ ಒಂದು ಚಾರಿತ್ರಿಕ ಕೋಶ. ಪ್ರತಿಯೊಂದು ಪದದ ಗ್ರೀಕ್ ಮೂಲ, ಲ್ಯಾಟಿನ್ ರೂಪ, ಹತ್ತೊಂಬತ್ತನೆಯ ಶತಮಾನದ ಅನುವಾದಗಳಲ್ಲಿ ಅದು ಪಡೆದ ಮಾರ್ಪಾಡು, ಇಂದಿನ ಸಭೆಗಳ ಬಳಕೆ ಇವಿಷ್ಟೂ ಅದರಲ್ಲಿ ಒಂದೆಡೆ ಸೇರಬೇಕು. ಯಾವ ಪಂಗಡದ ಪದ ಸರಿಯೆಂದು ತೀರ್ಪು ನೀಡುವುದು ಅದರ ಕೆಲಸವಲ್ಲ. ಗ್ರೀಕ್ ಬಲ್ಲ ದೇವಶಾಸ್ತ್ರಜ್ಞರೂ ಕನ್ನಡ ಬಲ್ಲ ಭಾಷಾಶಾಸ್ತ್ರಜ್ಞರೂ ಒಟ್ಟಿಗೆ ಕುಳಿತರೆ ಮಾತ್ರ ಇದು ಸಾಧ್ಯ. ಅಂಥ ಕೋಶವಿಲ್ಲದೆ ಬರೆದ ಆದಿಸಭೆಯ ಚರಿತ್ರೆ ಕನ್ನಡ ಲಿಪಿಯಲ್ಲಿದ್ದರೂ ಇಂಗ್ಲಿಷ್ ಚರಿತ್ರೆಯ ನೆರಳಾಗಿಯೇ ಉಳಿಯುತ್ತದೆ.